ತೊಟ್ಟಿಲ ದಿನವೇ ಪಂಚಾಯ್ತಿ ಮೀಟಿಂಗು

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಅಜ್ಜಿ ಎಲ್ಲಿರಬೇಕು? ತೊಟ್ಟಿಲ ಪಕ್ಕದಲ್ಲಿ ತಾನೇ? ನಮ್ಮ ಶಾಂತಕ್ಕ ಬೀದರ್ ಬಸ್ಸಿನಲ್ಲಿದ್ದಳು.

ಶಾಂತಕ್ಕ ನನ್ನ ಸ್ವಂತ ಅಕ್ಕ. ಬೀದರ್ ಕಡೆಯ ಒಂದು ಹಳ್ಳಿಯಲ್ಲಿ ಗ್ರಾಮ ಪಂಚಾಯ್ತಿ ಮೆಂಬರು. ಮಗಳ ಬಾಣಂತನಕ್ಕೆಂದು ಇಲ್ಲಿ ಶಹರಕ್ಕೆ, ಕೊಂಡಾಪುರದ ಫ್ಲ್ಯಾಟಿಗೆ ಬಂದು ಕೂತಿದ್ದಳು. ಕೂತಿದ್ದಳು ಎನ್ನುವುದು ಬಾಯಿಮಾತು, ಅಷ್ಟೇ. ಒಲೆಯ ಮೇಲೆ ಬಾಣಂತಿಯ ಸ್ನಾನದ ನೀರು, ಕಿವಿಗೂ ಭುಜಕ್ಕೂ ನಡುವೆ ಫೋನು, ಫೋನಿನೊಳಗೆ ಇಡೀ ಊರು.

ಊರಿನಲ್ಲಿ ಅವಳ ಬದಲು ಮೀಟಿಂಗಿಗೆ ಹೋಗುತ್ತಿದ್ದವರು ಭಾವ. ಅವಳು ಇಲ್ಲಿಗೆ ಬಂದ ಮೇಲೆ ಎಂದುಕೊಂಡಿರಾ? ಗೆದ್ದ ದಿನದಿಂದಲೂ! ಹಾರ ಅಕ್ಕನ ಕೊರಳಿಗೆ, ಖುರ್ಚಿ ಭಾವನಿಗೆ. ಊರವರಿಗೂ ಅವರೇ 'ಮೆಂಬರ್ ಸಾಹೇಬ್ರು'. (ಭಾವ ಒಮ್ಮೆಯೂ ತಿದ್ದಿದವರಲ್ಲ. ಅಕ್ಕನೂ ಅಷ್ಟೇ.)

ಭಾವ ಬಂಗಾರದಂಥ ಮನುಷ್ಯ. ತೊಂದರೆ ಇರುವುದೇ ಅಲ್ಲಿ. ಯಾರು ಏನು ಕೇಳಿದರೂ "ಆತು ಬಿಡ್ರಿ" ಎಂದುಬಿಡುತ್ತಾರೆ.

ತೊಟ್ಟಿಲ ಕಾರ್ಯದ ಹಿಂದಿನ ದಿನ ಊರಿನಿಂದ ಫೋನ್ ಬಂತು. ಅಕ್ಕನ ಓಣಿಗೆಂದು ಮಾತಾಗಿದ್ದ ನೀರಿನ ಟ್ಯಾಂಕನ್ನು ಬಸ್‌ಸ್ಟ್ಯಾಂಡ್ ಕಡೆಗೆ ಒಯ್ಯುವ ಆಲೋಚನೆ ನಡೆದಿದೆಯಂತೆ. ತೀರ್ಮಾನ ಮರುದಿನದ ಮೀಟಿಂಗಿನಲ್ಲಿ. ಆ ಓಣಿಯ ಹೆಂಗಸರು ದೂರದ ಬೋರಿನಿಂದ ಕೊಡ ಹೊತ್ತು ತರುತ್ತಾರೆ. ವೋಟು ಕೇಳುವಾಗ ಅಕ್ಕ ಅವರಿಗೆ ಕೊಟ್ಟ ಮಾತು ಈ ಟ್ಯಾಂಕ್ ಒಂದೇ.

ಕಾರ್ಯಕ್ಕೆಂದು ಬಂದಿದ್ದ ಭಾವ ಆಗಲೇ ಬ್ಯಾಗಿಗೆ ಟವೆಲ್ಲು ತುರುಕತೊಡಗಿದ್ದರು. "ನೀ ತೊಟ್ಟಿಲ ನೋಡ್ಕೋ. ಮೀಟಿಂಗ್ ನಾ ನೋಡ್ಕೋತೀನಿ."

"ನೀವು ಹೋದ್ರ ಟ್ಯಾಂಕ್ ಹೋತು," ಎಂದಳು ಅಕ್ಕ. "ನಾ ಹೋಗ್ತೀನ್ರಿ. ಕೈ ಎತ್ತೋ ಹಕ್ಕು ನಂದೈತಿ. ನೀವು ಕೂಸಿನ್ನ ನೋಡ್ಕೋರಿ."

ಅಳಿಯನ ತಾಯಿಯ ಚಹಾ ಕಪ್ಪು ಅರ್ಧಕ್ಕೇ ನಿಂತಿತು. "ಮಂದಿ ಏನಂತಾರ್ರಿ?"

"ಕೊಡ ಹೊರೋ ಮಂದಿ ಏನಂತಾರ, ಅದನ್ನ ಕೇಳ್ಕೊಂಡು ಬರ್ತೀನ್ರಿ."

ನಾನೇನು ಮಾಡಿದೆ ಹೇಳಿ? (ಮಹಿಳಾ ಮೀಸಲಾತಿಯ ಬಗ್ಗೆ ಇದೇ ಅಂಕಣದಲ್ಲಿ ಉದ್ದುದ್ದ ಕೊರೆದವಳು ನಾನು.) "ಅಕ್ಕಾ, ಇದೊಂದು ಸಲ ಬಿಟ್ಟುಬಿಡು" ಎಂದೆ. ಅವಳು ಭಾವನ ಬ್ಯಾಗಿನಿಂದ ಟವೆಲ್ಲು ತೆಗೆದು ತನ್ನ ಸೀರೆ ತುರುಕಿದಳು.

ಸಂವಿಧಾನಕ್ಕೆ ತಿದ್ದುಪಡಿಯಾಗಿ ಪಂಚಾಯ್ತಿಯಲ್ಲಿ ಹೆಂಗಸರಿಗೆ ಖುರ್ಚಿ ಬಂತು. ಒಳ್ಳೆಯದೇ ಆಯಿತು. ಆದರೆ ಅವಳು ಹೋಗಿ ಆ ಖುರ್ಚಿಯಲ್ಲಿ ಕೂರುವ ಹೊತ್ತಿಗೆ ಮನೆಯಲ್ಲಿ ಒಲೆಯ ಮುಂದೆ ಯಾರು ನಿಲ್ಲಬೇಕು? ಅಳುವ ಕೂಸನ್ನು ಯಾರು ಎತ್ತಿಕೊಳ್ಳಬೇಕು? ಅದನ್ನು ಯಾವ ಕಲಮಿನಲ್ಲೂ ಬರೆದಿಲ್ಲ. ಆ ತಿದ್ದುಪಡಿ ಸಂಸತ್ತಿನಲ್ಲಿ ಆಗುವಂಥದ್ದೂ ಅಲ್ಲ. ಅದಕ್ಕೊಬ್ಬ ಗಂಡ ಬೇಕು, ಸ್ವಲ್ಪ ಬಗ್ಗುವಂಥವನು.

ನಸುಕಿನಲ್ಲೇ ಅಕ್ಕ ಬಸ್ಸು ಹತ್ತಿದಳು. ಕಾರ್ಯವನ್ನು ಸಂಜೆಗೆ ಇಟ್ಟುಕೊಂಡೆವು. ಇತ್ತ ಭಾವನ ಆಡಳಿತ ಶುರುವಾಯಿತು. ಸುಲ್ತಾನ್ ಬಜಾರಿಗೆ ಹೋಗಿ ಕೂಸಿನ ತಲೆಗೊಂದು ಕುಲಾವಿ ತಂದರು. ಅದು ಕೂಸಿನ ಮೂಗಿನ ತನಕ ಇಳಿಯಿತು. ನೀರು ಕಾಯಿಸಿದರು, ಬಟ್ಟೆ ಹಿಂಡಿದರು. ಕೂಸು ಅವರ ಹೊಸ ಅಂಗಿಯ ಮೇಲೆ ಹಾಲು ಕಕ್ಕಿತು.

"ಆತು ಬಿಡವಾ," ಎಂದರು ಭಾವ. ಆ ಮಾತು ಇಷ್ಟು ಸರಿಯಾದ ಜಾಗದಲ್ಲಿ ಬಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಭಾವನ ಮೇಲೆ ನನಗೆ ಎಂದೂ ಇಲ್ಲದಷ್ಟು ಅಕ್ಕರೆ ಬಂತು.

ಸಂಜೆಯಾಯಿತು. ಮಂದಿ ಬಂದರು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಬೆನ್ನಿಗೆ ಗುದ್ದು ತಿನ್ನಲು ತಯಾರಾಗಿ ನಿಂತಳು. ಅಕ್ಕನ ಸುಳಿವೇ ಇಲ್ಲ. ಫೋನ್ ಬೇರೆ ಸ್ವಿಚ್ ಆಫ್. ಅಳಿಯನ ತಾಯಿ ಗಡಿಯಾರ ನೋಡಿದರು. "ಶುರು ಮಾಡೂಣೇನ್ರಿ?"

ಭಾವ "ಆತು ಬಿಡ್ರಿ" ಎನ್ನುತ್ತಾರೆಂದೇ ನಾನು ಕಾದೆ. "ಇಲ್ರಿ," ಎಂದರು. "ಆಕಿ ಬರಲಿ."

ಆಕೆ ಬಂದಳು. ಮುಖದ ತುಂಬ ಧೂಳು, ಸೆರಗು ಸೊಂಟಕ್ಕೆ. ನಾವೆಲ್ಲ ತಡವಾದದ್ದಕ್ಕೆ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಭಾವ ಕೇಳಿದರು. "ಟ್ಯಾಂಕ್ ಏನಾತು?"

"ನಮ್ಮ ಓಣ್ಯಾಗ ಐತ್ರಿ." ಅಕ್ಕ ಉಸಿರು ಬಿಟ್ಟಳು. "ಮೊದಲ ನಾನೇ ಕೈ ಎತ್ತಿದೆ. ನನ್ನ ನೋಡಿ ಉಳಿದ ಹೆಣ್ಮಕ್ಕಳೂ ಎತ್ತಿದ್ರು." ನನ್ನ ಕಣ್ಣು ತುಂಬಿ ಬಂತು. ಅಕ್ಕ ಕೈಕಾಲು ತೊಳೆಯಲು ಒಳಗೆ ಹೋದಳು.

ಆಗ ಬಂದ ಬಸಪ್ಪ. ನಮ್ಮ ಅಕ್ಕನ ಊರಿನವನೇ, ಕೊಂಡಾಪುರದಲ್ಲಿ ಕಟ್ಟಡದ ಕೆಲಸ ಮಾಡುವವನು. ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ ಭಾವನನ್ನು ಕಂಡು ಕೈಮುಗಿದ. "ಶರಣ್ರಿ ಮೆಂಬರ್ ಸಾಹೇಬ್ರ, ಆರಾಮ ಅದೀರಿ?"

ಭಾವ ಕುಲಾವಿಯನ್ನು ಕೂಸಿನ ಮೂಗಿನಿಂದ ಮೇಲಕ್ಕೆ ಸರಿಸಿದರು.

"ಮೆಂಬರ್ ಒಳಗ ಅದಾರಪ್ಪಾ. ನಾ ಕೂಸಿನ ಅಜ್ಜ."