ಸಕಲೆಯ ಮೂರೂವರೆ ಸೆಂಟಿಮೀಟರ್

ಮನುಷ್ಯನ ಒಳಗೆ ಏನು ಬೆಳೆಯುತ್ತಿದೆ ಎಂಬುದನ್ನು ಬಲ್ಲವರಾರು? ನನ್ನ ಮಟ್ಟಿಗೆ ತಮಿಳುನಾಡಿನ ತೇನಿಯ ಸ್ಕ್ಯಾನ್ ಸೆಂಟರಿನವರು ಬಲ್ಲರು. ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ನೋಡಲು ಹೋದವನಿಗೆ, ಕಲ್ಲಿಲ್ಲ, ಆದರೆ ಹೊಟ್ಟೆಯ ಮಹಾಧಮನಿ ಒಂದು ಕಡೆ ಉಬ್ಬಿಕೊಂಡಿದೆ ಎಂದರು. ದ್ರಾಕ್ಷಿ ತೋಟದ ನೀರಿನ ಪೈಪು ಬಿಸಿಲಿಗೆ ಸವೆದು ಒಂದೆಡೆ ಉಬ್ಬುತ್ತದಲ್ಲ, ಹಾಗೆ. ಮೂರೂವರೆ ಸೆಂಟಿಮೀಟರ್. ಚಿಕ್ಕದು, ವರ್ಷಕ್ಕೊಮ್ಮೆ ಅಳೆಯೋಣ, ಐದೂವರೆ ಮುಟ್ಟಿದರೆ ಆಪರೇಷನ್ನಿನ ಮಾತು, ಒಡೆದರೆ ಮಾತಿಗೆ ಸಮಯವಿರುವುದಿಲ್ಲ ಎಂದರು ಡಾಕ್ಟರಮ್ಮ.

ಸುದ್ದಿ ಕೇಳಿದ ನನ್ನ ಸಕಲೆ, ಎಂದರೆ ಹೆಂಡತಿಯ ತಂಗಿಯ ಗಂಡ, ಮರುವಾರವೇ ತಾನೂ ಸ್ಕ್ಯಾನ್ ಮಾಡಿಸಿಕೊಂಡ. ತೇವಾರದ ನಮ್ಮ ಮಾವನ ಮನೆಯಲ್ಲಿ ಇಬ್ಬರು ಅಳಿಯಂದಿರಿಗೂ ಎಲ್ಲವೂ ಸಮಸಮ: ದೀಪಾವಳಿಗೆ ಒಂದೇ ಅಂಚಿನ ಪಂಚೆ, ಎಲೆಗೆ ಒಂದೇ ಅಳತೆಯ ತುಪ್ಪ. ನನಗೆ ಬಂದದ್ದು ತನಗೆ ಬರದಿದ್ದರೆ ಅವನಿಗೆ ಊಟ ಸೇರದು. ಬಂತು. ಅವನದೂ ಮೂರೂವರೆ.

"ಏನ್ ಸಕಲೆ, ಇದ್ರಲ್ಲೂ ಸರಿಸಮ ಆಗ್ಬುಟ್ಟೋ!" ಎಂದು ನಕ್ಕ.

ಸಹಿಸಿಕೊಂಡೆ. ಸಹಿಸಲಾಗದ್ದು ಮುಂದಿನ ವರ್ಷ ನಡೆಯಿತು. ಒಂದೇ ಬಸ್ಸಿನಲ್ಲಿ ಹೋಗಿ, ಒಂದೇ ಮಂಚದ ಮೇಲೆ ಒಬ್ಬರಾದ ಮೇಲೊಬ್ಬರು ಮಲಗಿ ಎದ್ದೆವು. ನನ್ನದು ನಾಲ್ಕಾಗಿತ್ತು. ಅವನದು ಮೂರೂವರೆಯಲ್ಲೇ ಕಾಲು ಚಾಚಿ ಕುಳಿತಿತ್ತು.

ನ್ಯಾಯವೆಲ್ಲಿದೆ? ಅವನಿಗೆ ಹಳೆಯ ಸಕ್ಕರೆ ಕಾಯಿಲೆ. ನನ್ನ ರಕ್ತದಲ್ಲಿ ಅದರ ಸುಳಿವಿಲ್ಲ. ಹಬ್ಬದೂಟದಲ್ಲಿ ಅವನೆದುರು ಕುಳಿತು ಎರಡನೇ ಲೋಟ ಪಾಯಸವನ್ನು ನಿಧಾನವಾಗಿ, ಸದ್ದು ಮಾಡಿ ಕುಡಿಯುವುದು ನನ್ನ ಬಾಳಿನ ಕೆಲವೇ ಸಾತ್ವಿಕ ಸುಖಗಳಲ್ಲೊಂದು. ಇದನ್ನೇ ಡಾಕ್ಟರಮ್ಮನ ಮುಂದಿಟ್ಟೆ. ಆಕೆ ತಮಿಳಿನಲ್ಲಿ ತಣ್ಣಗೆ ಹೇಳಿದರು: ಸಕ್ಕರೆ ಇರುವವರಲ್ಲಿ ಈ ಉಬ್ಬು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ, ಯಾಕೆಂದು ಇನ್ನೂ ಸರಿಯಾಗಿ ಗೊತ್ತಿಲ್ಲ.

ಸಕಲೆ ಪದಕ ಬಂದವನಂತೆ ಹೆಗಲ ಟವೆಲ್ ಸರಿಮಾಡಿಕೊಂಡ. ನಾನು ಮೊದಲ ಸಲ ಇನ್ನೊಬ್ಬನ ಕಾಯಿಲೆಗೆ ಕರುಬಿದೆ. ನಾನೂ ಸಕ್ಕರೆ ತರಿಸಿಕೊಳ್ಳಲೇ ಎಂದು ಕೇಳಿಯೂ ಬಿಟ್ಟೆ. ಆಕೆ ನಗಲಿಲ್ಲ. ಅದು ಕಣ್ಣು, ಕಿಡ್ನಿ, ಹೃದಯ ತಿನ್ನುವಂಥದ್ದು, ಬಯಸಬೇಡಿ ಎಂದರು. ಬಿಪಿ ಮಾತ್ರೆ ಇಬ್ಬರೂ ತಪ್ಪಿಸುತ್ತಿಲ್ಲ ತಾನೇ? ಸರಿ, ಹೊಗೆ ಸೇದುತ್ತೀರಾ? ಎಂದು ಕೇಳಿದರು.

ಸಕಲೆ ನನ್ನ ಕಡೆ ತಿರುಗಿ ನಮ್ಮ ಮನೆಮಾತಾದ ಕನ್ನಡದಲ್ಲಿ, "ಯೋಳಿ ಸಕಲೆ, ಸುರುಟ್ಟು ಯೋಳಿ," ಎಂದ.

ಮಾವನ ಮನೆಯಲ್ಲಿ ಊಟವಾದ ಮೇಲೆ ಅಳಿಯಂದಿರ ಮುಂದೆ ತಾಂಬೂಲದ ತಟ್ಟೆ ಬರುತ್ತದೆ. ಅದರಲ್ಲಿ ದಿಂಡಿಗಲ್ ಸುರುಟ್ಟು, ಎಂದರೆ ಹೊಗೆಸೊಪ್ಪಿನ ಚುಟ್ಟಾ, ತಲೆಗೊಂದು ಕಟ್ಟು. ತಟ್ಟೆಯಲ್ಲಿ ಏನನ್ನೂ ಉಳಿಸಬಾರದು, ಉಳಿಸಿದರೆ ಆ ಮನೆಯ ಮೇಲೆ ಮುನಿಸಿಕೊಂಡಂತೆ. ಮೊದಲ ಸ್ಕ್ಯಾನ್ ಆದಂದಿನಿಂದ ಹೊಗೆ ಬಿಟ್ಟಿದ್ದ ಸಕಲೆ, ಅತ್ತೆಗೆ ನೋವಾಗದಿರಲೆಂದು, ತನ್ನ ಕಟ್ಟನ್ನು ನನ್ನ ಮಡಿಲಿಗೆ ಜಾರಿಸುತ್ತಿದ್ದ. ಸೋತ ಅರಸನ ಕಪ್ಪಕಾಣಿಕೆಯೆಂದು ನಾನು ಸ್ವೀಕರಿಸುತ್ತಿದ್ದೆ. ಆ ವರ್ಷ ಯಾವ ಹಬ್ಬವನ್ನೂ, ಯಾವ ಮಗುವಿನ ಕಿವಿ ಚುಚ್ಚುವ ಶಾಸ್ತ್ರವನ್ನೂ ನಾನು ತಪ್ಪಿಸಿರಲಿಲ್ಲ.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, ಸಕ್ಕರೆಯ ಪಾಲೆಷ್ಟೋ ಹೇಳಲಾರೆ, ಹೊಗೆ ಮಾತ್ರ ಇದನ್ನು ಬೆಳೆಸುತ್ತದೆ, ಕುಗ್ಗಿಸುವ ಮಾತ್ರೆ ಇಲ್ಲ, ಬಿಡುವುದು ನಿಮ್ಮ ಕೈಯಲ್ಲಿದೆ ಎಂದರು.

ಬಸ್ಸಿನಲ್ಲಿ ಕೇಳಿದೆ: "ನಿನ್ ಪಾಲೂ ನಂಗ್ಯಾಕ್ ಕೊಟ್ಟೆ?"

"ನಾನೆಲ್ಲಿ ಕೊಟ್ಟೆ ಸಕಲೆ? ತಟ್ಟೆ ಕೆಳಗಿಡೋಕ್ ಮುಂಚೆನೇ ನೀವು ಮಡಿಲು ಒಡ್ತಿದ್ರಿ."

ಮುಂದಿನ ಸೀಟಿನಲ್ಲಿದ್ದ, ಕನ್ನಡ ಬಲ್ಲ ಯಾರೋ ಹೆಂಗಸು ನಮ್ಮ ಮಾತು ಕೇಳಿ ನಕ್ಕಳು. ನಾನು ಕಿಟಕಿಯ ಹೊರಗೆ ನೋಡಿದೆ.

ಮುಂದಿನ ಹಬ್ಬದಲ್ಲಿ ಅವನ ಕಟ್ಟು ನನ್ನತ್ತ ಜಾರಿತು. ತಿರುಗಿ ಜಾರಿಸಿದೆ. ಎರಡೂ ಕಟ್ಟು ತಟ್ಟೆಯಲ್ಲೇ ಉಳಿದವು. ಅತ್ತೆಯ ಮುಖ ಸಣ್ಣಗಾಯಿತು.

"ಏನ್ ಮಾಪ್ಳೆ, ನಮ್ಮೇಲ್ ಕೋಪವಾ?"

"ಇಲ್ಲ ಅತ್ತೆ. ಡಾಕ್ಟ್ರು ಬ್ಯಾಡ ಅಂದವ್ರೆ. ಇಬ್ರಿಗೂ."

"ಇಬ್ರಿಗೂನಾ? ಸರಿ ಬುಡಿ," ಎಂದು ಒಳಗೆ ಹೋಗಿ, ಸುರುಟ್ಟಿನ ಬದಲು ಏಲಕ್ಕಿ ತಂದು ಸರಿಸಮವಾಗಿ ಹಂಚಿದರು. ಅವನ ಕಡೆಯವು ತುಸು ದಪ್ಪವಾಗಿದ್ದವು.

ಈ ವರ್ಷದ ಸ್ಕ್ಯಾನಿನಲ್ಲಿ ನನ್ನದು ನಾಲ್ಕೇ, ಅವನದು ಮೂರೂವರೆಯೇ.