ಇನ್ಯಂಬಾನೆಯ ಕೊಬ್ಬರಿ ಅಂಗಳ

ಮುದುಕಿ ತುರಿಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ನಮ್ಮ ಹೊನ್ನವಳ್ಳಿಯ ಮನೆಗಳಲ್ಲಿ ಇರುವಂಥದೇ ಮಣೆ, ಅಂಥದೇ ಕಬ್ಬಿಣದ ನಾಲಿಗೆ. ತುರಿದದ್ದಕ್ಕೆ ನೀರು ಹಾಕಿ ಕಿವುಚಿ, ಹಾಲನ್ನು ಪಾತ್ರೆಗೆ ಹಿಂಡಿಕೊಂಡಳು. ಆಮೇಲೆ ಉಳಿದ ತುರಿಯನ್ನು ಎರಡೂ ಕೈಯಲ್ಲಿ ಬಾಚಿ ಅಂಗಳಕ್ಕೆ ಎಸೆದುಬಿಟ್ಟಳು. ಕೋಳಿಗಳು ಓಡಿ ಬಂದವು. ನಾನು ಪೆಟ್ಟಿಗೆ ಕೆಳಗಿಡುವುದನ್ನೂ ಮರೆತು ನಿಂತೆ. ಚಟ್ನಿಗೆ ಒಂದು ಚೂರು ಹೆಚ್ಚು ತುರಿದರೆ ಬೈಸಿಕೊಳ್ಳುತ್ತಿದ್ದ ಮನೆಯಲ್ಲಿ ಬೆಳೆದವಳು ನಾನು. ಎರಡು ದಿನದ ಪ್ರಯಾಣದಲ್ಲಿ ವಿಮಾನ, ಸಮುದ್ರ, ಅರ್ಥವಾಗದ ಮಾತು ಯಾವುದೂ ನನ್ನನ್ನು ಬೆಚ್ಚಿಬೀಳಿಸಿರಲಿಲ್ಲ. ಆ ಕೋಳಿಗಳು ಬೆಚ್ಚಿಬೀಳಿಸಿದವು.

ಆಕೆಯೇ ನನ್ನ ಮನೆಯೊಡತಿ, ಲುರ್ದೆಸ್. ಊರೆಲ್ಲ ಅವಳನ್ನು ವೊವೊ ಅನ್ನುತ್ತದೆ. ವೊವೊ ಅಂದರೆ ಅಜ್ಜಿ. ಆಫ್ರಿಕದ ಮೊಜಾಂಬಿಕ್ ದೇಶದಲ್ಲಿ, ಸಮುದ್ರಕ್ಕೆ ಅಂಟಿಕೊಂಡ ಇನ್ಯಂಬಾನೆ ಎಂಬ ಪಟ್ಟಣದ ಹೊರಗೆ ಅವಳ ಮನೆ. ರಸ್ತೆಯ ಈಚೆ ಮನೆ, ಆಚೆ ಪೋರ್ಚುಗೀಸರ ಕಾಲದ ಕೊಬ್ಬರಿ ಅಂಗಳ ಮತ್ತು ಗೋದಾಮು. ಆ ಗೋದಾಮಿನಲ್ಲಿ ಎಣ್ಣೆ, ನಾರಿನ ಕೆಲಸ ಶುರುಮಾಡಿದ ಯಜಮಾನರು ನಮ್ಮ ತುಮಕೂರು ಕಡೆಯವರು. ತಿಪಟೂರಿನಲ್ಲಿ ಕೊಬ್ಬರಿ ಆರಿಸುವ ಹೆಂಗಸರ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ನನ್ನನ್ನು, ಇಲ್ಲಿನವರಿಗೆ ಕೆಲಸ ಕಲಿಸಲು ಕರೆಸಿಕೊಂಡರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹೋಗು ಅನ್ನುವವರೂ ಬೇಡ ಅನ್ನುವವರೂ ಅಕ್ಕನೊಬ್ಬಳೇ. ಅವಳು ಎರಡನ್ನೂ ಅಂದಳು.

ಇಲ್ಲಿನ ತೆಂಗನ್ನು ನೋಡಿದರೆ ಮೊದಮೊದಲು ನನಗೆ ಒಂದು ಬಗೆಯ ಸಿಟ್ಟು ಬರುತ್ತಿತ್ತು. ನಮ್ಮಲ್ಲಿ ಬೋರ್‌ವೆಲ್ ಬತ್ತಿದರೆ ಮರದ ಸುಳಿ ನೋಡಿ ನಿದ್ದೆ ಬರುವುದಿಲ್ಲ. ಇಲ್ಲಿ ಬರೀ ಮರಳಿನಲ್ಲಿ, ಯಾರೂ ನೀರುಣಿಸದೆ ನಿಂತಿವೆ. ನಮ್ಮವರು ಕಾಯನ್ನು ಅಟ್ಟದ ಮೇಲೆ ಹಾಕಿ, ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಲೊಟಲೊಟ ಅನ್ನುವತನಕ ಹತ್ತಿರ ಹತ್ತಿರ ಒಂದು ವರ್ಷ ಕಾಯುತ್ತಾರೆ. ಇವರು ಕಾಯಿ ಒಡೆದು ಬಿಸಿಲಿಗೆ ಹರವಿ, ವಾರದೊಳಗೆ ಚೀಲಕ್ಕೆ ತುಂಬುತ್ತಾರೆ. ನಾನು ಗೋದಾಮಿನಲ್ಲಿ ಬಿದಿರಿನ ಅಟ್ಟ ಕಟ್ಟಿಸಿ ಉಂಡೆ ಕೊಬ್ಬರಿ ಮಾಡಿದೆ. ಮೊದಲ ಉಂಡೆಯನ್ನು ಕತ್ತಿಯಿಂದ ಒಡೆದು ಹಂಚಿದಾಗ ಹೆಂಗಸರು ಅಗಿಯುತ್ತ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಮಾನ ರತ್ನ, ಇದಕ್ಕಾಗಿ ವರ್ಷ ಕಾಯಬಹುದು’ ಅಂದಳು ಸೇಲಿಯ. ಅವರೊಳಗೆ ಚುರುಕಿನವಳು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಕಾಯಿ ಸುಲಿಯುವವಳು. ಮಾನ ಅಂದರೆ ಇಲ್ಲಿ ಅಕ್ಕ. ನಮ್ಮಲ್ಲಿ ಆ ಪದಕ್ಕೆ ಬೇರೆ ಅರ್ಥವಿದೆ, ಅದನ್ನು ಕಳೆದುಕೊಳ್ಳಬಾರದು ಅನ್ನುತ್ತಾರೆ ಎಂದು ನಾನು ಹೇಳಿದಾಗ ಎಲ್ಲರೂ ನಕ್ಕರು.

ಊಟದ ಚಿಂತೆಯೂ ಬೇಗ ತೀರಿತು. ಮೆಕ್ಕೆಜೋಳದ ಹಿಟ್ಟಿನಿಂದ ಮಾಡುವ ‘ಶಿಮ’ ನಮ್ಮ ಮುದ್ದೆಯ ಬಿಳಿಯ ತಂಗಿ. ಮರಗೆಣಸಿನ ಎಲೆ ಕುಟ್ಟಿ, ಕಡಲೆಕಾಯಿ ಮತ್ತು ತೆಂಗಿನಹಾಲಿನಲ್ಲಿ ಬೇಯಿಸುವ ‘ಮತಾಪ’ ಅದಕ್ಕೆ ಸಾರು. ಸಂಜೆ ಕೆಲಸ ಬಿಟ್ಟು ಬಂದರೆ ವೊವೊ ಬೇಲಿಯ ಬಳಿ ನನಗೊಂದು ತಟ್ಟೆ ಇಟ್ಟಿರುತ್ತಿದ್ದಳು. ಬೇಯಿಸಲು ನನಗೂ ಬರುತ್ತಿತ್ತು. ಆದರೂ ಒಬ್ಬಳೇ ಕೂತು ಉಣ್ಣುವುದು ಆ ತಟ್ಟೆಯಿಂದ ತಪ್ಪಿತು.

ಒಂದು ದಿನ ಗೋದಾಮಿನಿಂದ ಕೆಲವು ಚೀಲ ಕಾಯಿ ಕಾಣೆಯಾದವು. ಯಜಮಾನರಿಗೆ ಫೋನ್ ಮಾಡಿದೆ. ಅವರಿರುವುದು ರಾಜಧಾನಿ ಮಪೂಟೊದಲ್ಲಿ.

‘ಎಲ್ಲಾರ್ನೂ ಸಾಲಾಗಿ ನಿಲ್ಸಿ ಚೀಲ ನೋಡಮ್ಮ. ಒಂದ್ಸಲ ಬಿಗಿ ಮಾಡುದ್ರೆ ಸರಿಹೋಗ್ತಾರೆ’ ಅಂದರು.

ನನಗೆ ಅದು ವಿಚಿತ್ರವಾಗಿ ಕಾಣಲಿಲ್ಲ ಎಂಬುದನ್ನು ಮೊದಲು ಹೇಳಬೇಕು. ಹೆಂಗಸರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದೆ. ಅವರು ಸೊಂಟಕ್ಕೆ ಸುತ್ತಿಕೊಳ್ಳುವ ‘ಕಪುಲಾನ’ ಎಂಬ ಬಟ್ಟೆಯ ಮಡಿಕೆಗಳನ್ನು ಬಿಡಿಸಿ ತೋರಿಸಲು ಹೇಳಿದೆ. ಚೀಲಗಳನ್ನು ಮಗುಚಿದೆ. ಬಾಚಣಿಗೆ, ಮಗುವಿನ ಬಟ್ಟೆ, ಬೇಯಿಸಿದ ಗೆಣಸು ಬಿದ್ದವು. ಯಾರಾದರೂ ಒಪ್ಪಿಕೊಳ್ಳುತ್ತಾರೆ ಎಂದು ಬಿಸಿಲು ನೆತ್ತಿಗೇರುವತನಕ ನಿಲ್ಲಿಸಿಯೇ ಇದ್ದೆ. ಸೇಲಿಯಳ ಮಗು ಬೆನ್ನ ಮೇಲೆ ಅತ್ತು ಅತ್ತು ಸುಮ್ಮನಾಯಿತು. ರಸ್ತೆಯಾಚೆ ತನ್ನ ಮನೆಯ ಮುಂದೆ ವೊವೊ ಪೊರಕೆ ಹಿಡಿದು ನೋಡುತ್ತಿದ್ದಳು.

ಸಂಜೆ ಬೇಲಿಯ ಬಳಿ ತಟ್ಟೆ ಇರಲಿಲ್ಲ.

ಅವಳ ಬಾಗಿಲಿಗೆ ಹೋದೆ. ಇಲ್ಲಿ ಒಬ್ಬರ ಅಂಗಳಕ್ಕೆ ಕಾಲಿಡುವ ಮೊದಲು ‘ಲಿಸೆನ್ಸ’ ಅನ್ನಬೇಕು, ಅಪ್ಪಣೆ ಕೇಳಿದ ಹಾಗೆ. ನಾನು ಎರಡು ಸಲ ಅಂದೆ. ಮೂರನೆಯ ಸಲಕ್ಕೆ ಕೂರು ಅಂದಳು. ವೊವೊ ಮಾತಾಡುವುದು ಪೋರ್ಚುಗೀಸ್, ನಡುನಡುವೆ ಅವಳ ಮನೆಮಾತು. ನನಗೆ ಅರ್ಧ ಮಾತು, ಅರ್ಧ ಕೈಸನ್ನೆಯಲ್ಲಿ ಅರ್ಥವಾಗುತ್ತದೆ. ಅವಳು ಹೇಳಿದ್ದು ನನ್ನ ಕಿವಿಗೆ ನಮ್ಮೂರಿನ ಅಜ್ಜಿಯ ಮಾತಿನಂತೆಯೇ ಕೇಳಿಸುವುದರಿಂದ ಹಾಗೆಯೇ ಬರೆಯುತ್ತೇನೆ.

‘ಆ ಅಂಗಳದಾಗೆ ನಾನೂ ನಿಂತಿದ್ದೆ ಕಣಮ್ಮ’ ಅಂದಳು. ‘ನಮ್ಮವ್ವನ ಪಕ್ಕದಾಗೆ. ಚಿಕ್ಕೋಳಿದ್ದೆ.’

ಆಗ ದೇಶದ ಉತ್ತರದಲ್ಲಿ ಪೋರ್ಚುಗೀಸರ ವಿರುದ್ಧ ಸ್ವಾತಂತ್ರ್ಯದ ಯುದ್ಧ ನಡೆಯುತ್ತಿತ್ತು. ಇಲ್ಲಿ ಗುಂಡಿನ ಸದ್ದಿರಲಿಲ್ಲ. ಆದರೆ ಇಲ್ಲಿನ ಹುಡುಗರು ಗುಟ್ಟಾಗಿ ಮನೆ ಬಿಟ್ಟು, ವಾರಗಟ್ಟಲೆ ನಡೆದು, ಗಡಿ ದಾಟಿ ಹೋರಾಟಗಾರರನ್ನು ಸೇರಿಕೊಳ್ಳುತ್ತಿದ್ದರು. ವೊವೊಳ ಅಣ್ಣ ತೊಮಾಸ್ ಈ ಅಂಗಳದಲ್ಲಿ ಕೊಬ್ಬರಿ ಒಣಗಿಸುವ ಕೆಲಸದವನು. ಅವನು ಹೊರಟ ಆ ವಾರವನ್ನು ಅವಳು ಒಂದೇ ಸಂಜೆ ಹೇಳಿ ಮುಗಿಸಲಿಲ್ಲ. ಒಂದು ಸಂಜೆಗೆ ಒಂದು ದಿನ ಹೇಳಿ ಎದ್ದು ಒಳಗೆ ಹೋಗುತ್ತಿದ್ದಳು. ಮರುದಿನ ನಾನು ಮತ್ತೆ ಅಪ್ಪಣೆ ಕೇಳಿ ಕೂರುತ್ತಿದ್ದೆ.

ಮೊದಲ ದಿನ ತೊಮಾಸ್ ಕೆಲಸಕ್ಕೆ ಬರಲಿಲ್ಲ. ಜ್ವರ ಅಂದಳು ಅವನ ತಾಯಿ. ಮೇಸ್ತ್ರಿ ನಂಬಿದ ಹಾಗೆ ಮಾಡಿದ. ಮಾರನೆಯ ದಿನ ಸರ್ಕಾರದ ಜೀಪು ಬಂತು. ಅದರಿಂದ ಇಳಿದವರು ಪೋರ್ಚುಗೀಸರಲ್ಲ, ಅವರ ಕೈಕೆಳಗಿನ ಕರಿಯ ಪೊಲೀಸರು. ಅವರನ್ನು ‘ಸಿಪಾಯು’ ಅನ್ನುತ್ತಿದ್ದರಂತೆ. ನಾನು ಆ ಪದವನ್ನು ಇನ್ನೊಮ್ಮೆ ಹೇಳಿಸಿದೆ. ಸಿಪಾಯು. ನಮ್ಮ ಸಿಪಾಯಿಯೇ. ನಮ್ಮ ನೆಲದ ಪದವನ್ನು ಪೋರ್ಚುಗೀಸರು ಹಡಗಿನಲ್ಲಿ ತಂದು ಇವರ ಬಾಗಿಲಿಗೆ ಬಿಟ್ಟಿದ್ದರು. ಸಿಪಾಯುಗಳು ಅವಳ ಅಪ್ಪನನ್ನು ಕರೆದುಕೊಂಡು ಹೋದರು.

ಮೂರನೆಯ ದಿನ ಹೆಂಗಸರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿದರು. ತೊಮಾಸನಿಗೆ ಬುತ್ತಿ ಕಟ್ಟಿಕೊಟ್ಟವರು ಯಾರು ಎಂಬುದು ಪ್ರಶ್ನೆ. ಮಡಿಕೆ ಬಿಚ್ಚಿಸಿದರು, ಚೀಲ ಮಗುಚಿದರು.

‘ಮಾತು ಯಾರೂ ಆಡ್ಲಿಲ್ಲ’ ಅಂದಳು ವೊವೊ. ‘ಕೊಬ್ರಿ ಒಣಗ್ದಂಗೆ ಒಣಗಿದ್ವಿ.’

ನಾನು ತಲೆ ಎತ್ತಲಿಲ್ಲ. ಅವಳೂ ನನ್ನ ಹೆಸರು ಎತ್ತಲಿಲ್ಲ.

ಮರುದಿನ ಅಪ್ಪ ವಾಪಸ್ ಬಂದ. ತೂತು ಕೊರೆದ ಮರದ ಸೌಟಿನಂಥ ಹಲಗೆಯಿಂದ ಅಂಗೈಗೆ ಹೊಡೆದಿದ್ದರು. ಕೈಗಳು ಬ್ರೆಡ್ಡಿನ ಹಾಗೆ ಊದಿದ್ದವು. ತಾಯಿ ಮಗುವಿಗೆ ತಿನ್ನಿಸುವಂತೆ ಅವನಿಗೆ ಶಿಮ ತಿನ್ನಿಸಿದಳು. ಅವನು ತಿನ್ನುತ್ತ ಅತ್ತದ್ದನ್ನು ನೋಡಿ ಲುರ್ದೆಸ್ ನಾಚಿಕೊಂಡು ಹೊರಗೆ ಓಡಿದಳಂತೆ.

ಅದರ ಮಾರನೆಯ ದಿನ ತಾಯಿ ಉಪ್ಪು ತರಲು ಅಂಗಡಿಗೆ ಹೋದಳು. ಅಂಗಡಿಯವನು ಭಾರತದಿಂದ ಬಂದವನು. ಇಲ್ಲಿ ನಮ್ಮವರನ್ನು ‘ಮೊನ್ಯೆ’ ಅನ್ನುತ್ತಾರೆ, ಗೌರವದ ಮಾತಲ್ಲ. ನನಗೂ ಸಂತೆಯಲ್ಲಿ ಬೆನ್ನ ಹಿಂದೆ ಅದು ಕೇಳಿಸಿದೆ. ಅವನು ಇವಳನ್ನು ದೂರದಿಂದ ನೋಡಿದವನೇ ಬಾಗಿಲು ಎಳೆದುಕೊಂಡ.

‘ಅವ್ನೇ ಪೊಲೀಸ್ರಿಗೆ ಸುದ್ದಿ ಕೊಟ್ಟಿದ್ನಾ?’ ಎಂದು ಕೇಳಿದೆ.

‘ಯಾರಿಗೆ ಗೊತ್ತು. ಹೆದರ್ಕಂಡಿದ್ದ. ಸಂಜೆ ಅವನೆಂಡ್ತಿ ಹಿಂದ್ಲ ಗೋಡೆ ಮ್ಯಾಲಿಂದ ಉಪ್ಪಿನ ಪೊಟ್ಣ ಕೊಟ್ಳು. ಅವಳ ಕೈಯಾಗೆ ನಿನ್ ಥರದ್ದೇ ಬಳೆ ಇದ್ವು.’

ನಾನು ಬಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಯಾಕೆ ಎಂದು ಈಗಲೂ ಹೇಳಲಾರೆ.

ಆ ವಾರದ ಕೊನೆಗೆ ಏನೂ ಆಗಲಿಲ್ಲ. ತೊಮಾಸ್ ಸಿಕ್ಕಲಿಲ್ಲ. ಸಿಕ್ಕಲಿಲ್ಲ ಎಂಬುದೇ ಮನೆಯವರ ಸಂತೋಷ. ವರ್ಷಗಳ ಮೇಲೆ ಯುದ್ಧ ಮುಗಿದು ಸ್ವಾತಂತ್ರ್ಯ ಬಂದಾಗ ಉತ್ತರದಿಂದ ಲಾರಿಗಳಲ್ಲಿ ಹೋರಾಟಗಾರರು ಬಂದರು. ಊರೆಲ್ಲ ಕುಣಿಯಿತು. ತಾಯಿ ಪ್ರತಿ ಲಾರಿಯ ಬಳಿಗೂ ಹೋಗಿ ಮುಖಗಳನ್ನು ನೋಡಿ ಬಂದಳು. ಅವನು ಗಡಿ ಮುಟ್ಟಿದನೋ, ದಾರಿಯಲ್ಲೇ ಬಿದ್ದನೋ, ಹೇಳುವವರು ಯಾರೂ ಸಿಗಲಿಲ್ಲ.

ಈ ಸಂಜೆಗಳ ನಡುವೆಯೇ ಯಜಮಾನರ ಫೋನ್ ಬಂದಿತ್ತು. ‘ಆ ಚೀಲಗಳ್ನ ನನ್ನ ತಮ್ಮನ ಮಗ ತಗೊಂಡೋಗಿದ್ನಂತೆ. ಹೇಳೋದು ಮರ್ತೋಗಿತ್ತಂತೆ ಬಿಡಮ್ಮ’ ಅಂದರು. ಅವರಿಗೆ ಅಲ್ಲಿಗೆ ಮುಗಿಯಿತು.

ಆ ಫೋನ್ ಬಂದ ಮರುದಿನ ಬೆಳಗ್ಗೆ ಹೆಂಗಸರ ಮುಂದೆ ನಿಂತು ನನಗೆ ಗೊತ್ತಿದ್ದ ಪೋರ್ಚುಗೀಸಿನಲ್ಲಿ ಕ್ಷಮೆ ಕೇಳಿದೆ. ಕ್ರಿಯಾಪದ ತಪ್ಪಾಯಿತೆಂದು ಕಾಣುತ್ತದೆ, ಇಬ್ಬರು ತುಟಿ ಕಚ್ಚಿ ನಗು ತಡೆದುಕೊಂಡರು. ಉಳಿದವರು ಕಾಯಿ ಸುಲಿಯಲು ಕೂತರು. ಸೇಲಿಯ ಮಾತ್ರ ನಿಂತೇ ಇದ್ದಳು.

‘ಅವತ್ತು ಕಾಯಿ ಸಾಗಿಸುವ ಲಾರಿಯವನ ಚೀಲ ನೋಡಿದಿರಾ?’ ಎಂದು ಕೇಳಿದಳು. ‘ನಿಮ್ಮ ಯಜಮಾನರ ಕಡೆಯವರದು?’

‘ಇಲ್ಲ’ ಅಂದೆ.

‘ಸರಿ, ಸೆನ್ಯೋರ’ ಅಂದಳು. ಸೆನ್ಯೋರ ಅಂದರೆ ಅಮ್ಮಾವ್ರು. ಅಲ್ಲಿಂದಾಚೆಗೆ ಅವಳು ನನ್ನನ್ನು ಮಾನ ಅನ್ನಲಿಲ್ಲ. ಆ ತಿಂಗಳು ಮುಗಿಯುತ್ತಲೇ ಸಮುದ್ರದಂಡೆಯ ಹೋಟೆಲೊಂದಕ್ಕೆ ಕೆಲಸಕ್ಕೆ ಸೇರಿದಳು.

ಆ ವರ್ಷ ರಜೆಗೆ ಊರಿಗೆ ಬಂದೆ. ತಿಪಟೂರಿನಲ್ಲಿ ಬಸ್ಸಿಳಿದಾಗ ಎಳನೀರಿನವನು ‘ಗಂಜಿ ಇರೋದಾ, ಬರೀ ನೀರಾ’ ಎಂದು ಕೇಳಿದ್ದಕ್ಕೆ ನನ್ನ ಬಾಯಿಂದ ಪೋರ್ಚುಗೀಸ್ ಬಂತು. ಅವನು ನಕ್ಕ, ನಾನೂ ನಕ್ಕೆ. ಅಕ್ಕನ ತೋಟದಲ್ಲಿ ಕಾಯಿ ಇಳಿಸಿದ್ದರು. ಸಂಜೆ ಕಾಯಿ ಆಯುವ ಹೆಂಗಸರು ತೋಟ ಬಿಟ್ಟು ಹೊರಟಾಗ ಅಕ್ಕ ಗೇಟಿನ ಬಳಿ ಹೋಗಿ ನಿಂತಳು. ಒಬ್ಬೊಬ್ಬರೂ ಅವಳೆದುರು ನಿಂತು, ಕೇಳುವ ಮೊದಲೇ ಮಡಿಲು ಕೊಡವಿ, ಚೀಲ ಅಗಲಿಸಿ ತೋರಿಸಿ ಹೋಗುತ್ತಿದ್ದರು. ಗಿರಿಜಮ್ಮ ನಮ್ಮವ್ವನ ಕಾಲದಿಂದ ಬರುತ್ತಿರುವವಳು. ನನ್ನನ್ನು ಎತ್ತಿ ಆಡಿಸಿದವಳು. ಅವಳೂ ಕೊಡವಿದಳು. ಕೊಡವುತ್ತಲೇ ನನ್ನ ಕಡೆ ನೋಡಿ, ‘ಯಾವಾಗ ಬಂದ್ಯವ್ವ, ಸೊರಗಿದೀಯ’ ಅಂದಳು.

ಚಿಕ್ಕಂದಿನಿಂದ ಸಾವಿರ ಸಲ ನೋಡಿದ್ದೆ. ಅವ್ವ ನಿಲ್ಲುತ್ತಿದ್ದ ಜಾಗದಲ್ಲಿ ಅಕ್ಕ ನಿಂತಿದ್ದಳು, ಅಷ್ಟೆ. ಯಜಮಾನರು ಹೇಳಿದ್ದಕ್ಕೆ ನಾನು ಹಾಗೆ ಮಾಡಿದೆ ಎಂದುಕೊಂಡು ಒಂದಿಷ್ಟು ಸಮಾಧಾನ ಪಟ್ಟುಕೊಂಡಿದ್ದೆನಲ್ಲ, ಅದೂ ಗೇಟಿನ ಬಳಿಯೇ ಹೋಯಿತು. ಅವರು ಹೇಳಿಕೊಡಬೇಕಾಗಿರಲಿಲ್ಲ.

‘ಬ್ಯಾಡ ಕಣಕ್ಕ, ಇದನ್ನ ಬುಟ್ಬುಡು’ ಅಂದೆ, ಅವರು ಹೋದ ಮೇಲೆ.

‘ಏನ್ನ?’

‘ಮಡ್ಲು ನೋಡೋದ್ನ. ಗಿರಿಜಮ್ಮನ ಮಡ್ಲು ನೋಡ್ತೀಯಲ್ಲ.’

‘ನಾನೆಲ್ಲಿ ನೋಡ್ದೆ? ಅವಳೇ ತೋರುಸ್ತಾಳೆ. ಬ್ಯಾಡ ಅಂದ್ರೆ ಅವಳಿಗೇ ಬೇಜಾರಾಯ್ತದೆ.’ ಅಕ್ಕ ನನ್ನ ಮುಖವನ್ನೇ ನೋಡಿದಳು. ‘ನಿಂಗೆ ಅಲ್ಲಿ ಯಾರಾದ್ರೂ ಏನಾದ್ರೂ ಅಂದ್ರೇನೇ?’

ವೊವೊಳ ಕತೆ ಹೇಳಿದೆ. ಊದಿದ ಕೈಗಳ ತನಕ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಕೇಳಿದಳು. ಅಂಗಳದಲ್ಲಿ ಹೆಂಗಸರನ್ನು ನಿಲ್ಲಿಸಿ ಮಡಿಕೆ ಬಿಚ್ಚಿಸಿದ ಮಾತನ್ನು ನಾನು ಮತ್ತೆ ಎತ್ತಿದಾಗ, ‘ಅದು ಬಿಳೀ ಜನ ಮಾಡಿದ್ದು ಬುಡು, ಅದಕ್ಕೂ ಇದಕ್ಕೂ ಏನು’ ಅಂದು ಎದ್ದು ಹೋದಳು. ರಾತ್ರಿ ನನಗೆ ನಡುಮನೆಯಲ್ಲಿ ಹೊಸ ಚಾಪೆ, ಹೊಸ ದಿಂಬು ಹಾಸಿಕೊಟ್ಟಳು. ನೆಂಟರಿಗೆಂದು ತೆಗೆದಿಟ್ಟಿದ್ದವು ಅವು. ಮರುದಿನ ಕಾಯಿ ಆಯುವವರು ಹೊರಡುವಾಗ ಅವಳು ಗೇಟಿಗೆ ಹೋಗಲಿಲ್ಲ. ಅದರ ಮರುದಿನ ಹೋದಳು.

ವಾಪಸ್ ಇನ್ಯಂಬಾನೆಗೆ ಬಂದಾಗ ಇಲ್ಲಿ ಸ್ವಾತಂತ್ರ್ಯದ ಹಬ್ಬ ಹತ್ತಿರವಾಗಿತ್ತು. ಆ ದಿನ ಬೆಳಗ್ಗೆ ವೊವೊ ಒಗೆದ ಕಪುಲಾನ ಉಟ್ಟು ಬಂದು, ಮೊಮ್ಮಕ್ಕಳೆಲ್ಲ ಮೆರವಣಿಗೆಯಲ್ಲಿದ್ದಾರೆ, ನನ್ನನ್ನು ಚೌಕಕ್ಕೆ ಕರೆದುಕೊಂಡು ಹೋಗು ಅಂದಳು. ಅವಳ ತೋಳು ಹಿಡಿದು ನಿಧಾನಕ್ಕೆ ನಡೆಸಿಕೊಂಡು ಹೋದೆ. ಚೌಕದಲ್ಲಿ ಬಾವುಟ, ಹಾಡು, ಶಾಲೆಯ ಮಕ್ಕಳು. ಹೋಟೆಲಿನವರ ಸಾಲಿನಲ್ಲಿ ಸೇಲಿಯ ಕಂಡಳು. ಮಗು ಈಗ ಬೆನ್ನ ಮೇಲಿರಲಿಲ್ಲ, ಕೈ ಹಿಡಿದು ನಡೆಯುತ್ತಿತ್ತು. ಅವಳು ವೊವೊಗೆ ತಲೆ ಬಾಗಿಸಿದಳು. ನನ್ನನ್ನು ನೋಡಿದಳು, ಮುಂದೆ ಹೋದಳು.

ಮುದುಕರ ಬೆಂಚಿನಲ್ಲಿ ಕೂತಿದ್ದ ಒಬ್ಬಾತ ನನ್ನತ್ತ ಗಲ್ಲ ಎತ್ತಿ, ‘ಯಾರಿದು ಮೊನ್ಯೆ? ನಿನಗೇನಾಗಬೇಕು?’ ಎಂದು ವೊವೊಳನ್ನು ಕೇಳಿದ.

ಮಗಳ ಹಾಗೆ ಅನ್ನುತ್ತಾಳೆಯೇ ಎಂದು ಆಸೆಪಟ್ಟೆ. ಅಂದುಬಿಟ್ಟರೆ ಆ ಮಾತನ್ನು ಹೇಗೆ ಹೊರಲಿ ಎಂದು ಹೆದರಿದೆ.

‘ಬಾಡಿಗೆಯವಳು’ ಅಂದಳು ವೊವೊ. ‘ಸರಿ, ಜರುಗು. ಅವಳೂ ಕೂತ್ಕಳ್ಳಿ.’

ಆತ ಜರುಗಿದ. ನಾನು ಬೆಂಚಿನ ತುದಿಯಲ್ಲಿ, ಅರ್ಧ ಹೊರಗೆ, ಕೂತೆ.