ಎಡಗಡೆಯ ಪಿಲ್ಲರ್

ಬಡಿದ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದರೆ ಸಾಕು, ಅದು ಯಾವುದಕ್ಕೆ ಬಡಿದಿದೆ, ಬಡಿಯುವ ಮೊದಲು ಬ್ರೇಕು ಹಿಡಿದಿದ್ದರೋ ಇಲ್ಲವೋ ಎಂಬುದನ್ನು ಬಸವಣ್ಣೆಪ್ಪ ಹೇಳಿಬಿಡುತ್ತಿದ್ದ. ಎಮ್ಮೆಗೆ ಬಡಿದ ಬಾನೆಟ್ಟಿನ ತಗ್ಗು ಬೇರೆ, ಕಬ್ಬಿನ ಟ್ರೇಲರಿಗೆ ಬಡಿದದ್ದು ಬೇರೆ. ಗಡಹಿಂಗ್ಲಜ ತಾಲೂಕಿನ ಮಹಾಗಾಂವದಿಂದ ಇಪ್ಪತ್ತನೇ ವಯಸ್ಸಿಗೆ ಕೊಲ್ಹಾಪುರಕ್ಕೆ ಬಂದು, ಶಿರೋಲಿ ನಾಕಾದ ಗ್ಯಾರೇಜುಗಳಲ್ಲಿ ಮೂವತ್ತೈದು ವರ್ಷ ಡೆಂಟಿಂಗ್ ಮಿಸ್ತ್ರಿಯಾಗಿ ಸುತ್ತಿಗೆ ಹಿಡಿದವನು. ಬಲಗಿವಿ ಅರ್ಧ ಕಿವುಡಾಗಿತ್ತು. ಮಾತು ಕಡಿಮೆ.

ಅವನ ತಂಗಿಯ ಮಗಳು ರುತುಜಾ ರಾಜಾರಾಮಪುರಿಯ ಒಂದು ಸಣ್ಣ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಹೊರದೇಶದವರಿಗಾಗಿ ಕಾರ್ ರೇಸಿನ ವಿಡಿಯೋ ಗೇಮ್ ಮಾಡಿಕೊಡುವ ಹತ್ತು ಹನ್ನೆರಡು ಮಂದಿಯ ಆಫೀಸು ಅದು. ಗೇಮಿನಲ್ಲಿ ಗಾಡಿ ಬಡಿದಾಗ ಹೇಗೆ ಜಜ್ಜಿಹೋಗಬೇಕು ಎಂಬುದನ್ನು ನೋಡಿಕೊಳ್ಳುವುದು ಅವಳ ಪಾಲಿನ ಕೆಲಸ. ಒಂದು ವರ್ಷ ದೀಪಾವಳಿ ಮುಗಿದ ಮೇಲೆ ಮಾಮನ ಮನೆಗೆ ಬಂದಳು.

"ಮಾಮಾ, ಒಂದ ಸಲ ನಮ್ಮ ಆಫೀಸಿಗೆ ಬರ್ರಿ. ನಮ್ಮ ಗಾಡಿ ಬಡದರ ಖರೇ ಅನಸವಲ್ವು."

"ಗೇಮಿನ್ಯಾಗಿನ ಗಾಡಿಗಿ ನಾ ಏನ ಮಾಡ್ಲೆವಾ?"

"ಒಡದ ಗಾಡಿ ನಿಮ್ಮಷ್ಟ ಯಾರ ನೋಡ್ಯಾರ ಹೇಳ್ರಿ?"

ರವಿವಾರ ಹೋದ. ದೊಡ್ಡ ಪರದೆಯ ಮೇಲೆ ಒಂದು ಕೆಂಪು ಕಾರು ನೂರರ ವೇಗದಲ್ಲಿ ಗೋಡೆಗೆ ಬಡಿಯಿತು. ಬಾನೆಟ್ಟು ಸುಕ್ಕುಗಟ್ಟಿತು, ಬಂಪರ್ ಕಳಚಿ ಬಿತ್ತು, ಕಾರು ಹಿಂದೆ ಸರಿದು ಮತ್ತೆ ಓಡತೊಡಗಿತು. ಬಸವಣ್ಣೆಪ್ಪನಿಗೆ ನಗು ಬಂತು.

"ಇದು ತಗಡಿನ ಪತ್ರಾ ಅಲ್ಲವಾ, ಹಿಂಡಿದ ಅರಬಿ. ಪತ್ರಾಕ್ಕ ಮಡಚಾಕ ಒಂದ ದಾರಿ ಅಂತ ಇರತೈತಿ. ಬಾನೆಟ್ ನಡುವ ಮುರದ ಮ್ಯಾಲ ಏಳತೈತಿ. ಮುಂದಿನ ಗಾಲಿ ಹಿಂದ ಸರದ ಬಾಗಲಾ ಕಚ್ಚಿ ಹಿಡೀತೈತಿ. ಮ್ಯಾಲ ಆ ಗಾಡಿ ಓಡೂದಂತೂ ದೂರ, ಒಳಗಿನಾಂವಗ ಬಾಗಲಾ ತಗ್ಯಾಕ ಬರಂಗಿಲ್ಲ."

ಹುಡುಗರು ಬರೆದುಕೊಂಡರು. ಮುಂದಿನ ವಾರ ಅವನು ಗ್ಯಾರೇಜಿನಿಂದ ಹಳೆಯ ಫೆಂಡರ್ ಒಂದನ್ನು ಹೊತ್ತು ತಂದು, ಅದು ಎಲ್ಲಿ ಹಿಗ್ಗಿದೆ, ಎಲ್ಲಿ ಬಣ್ಣ ಮಾತ್ರ ಬಿರಿದಿದೆ ಎಂದು ಬೆರಳಿಟ್ಟು ತೋರಿಸಿದ. ಕಾರಿನ ಒಂದೊಂದು ಭಾಗಕ್ಕೂ ಎಷ್ಟು ಬಲವಿದೆ ಎಂದು ಅಂಕಿ ಹಾಕಿದರೆ, ಬಡಿದಾಗ ಕಂಪ್ಯೂಟರ್ ತಾನೇ ಲೆಕ್ಕ ಹಾಕಿ ಬಾಗಿಸುತ್ತಿತ್ತು. ಅವನು ಹೇಳಿದಂತೆ ಅಂಕಿ ತಿದ್ದುತ್ತ ಹೋದ ಹಾಗೆಲ್ಲ ಕಾರುಗಳು ಖರೇ ಸಾಯತೊಡಗಿದವು. ಜೀವನದಲ್ಲಿ ಮೊದಲ ಸಲ ನಾಲ್ಕು ಓದಿದ ಮಂದಿ ತನ್ನ ಮಾತಿಗೆ ಕಿವಿಗೊಟ್ಟು ಕೂತದ್ದು ಅವನಿಗೆ ಹಿತವಾಗಿತ್ತು. ಆದರೆ ಪ್ರತಿ ಸಲ ಬಡಿದ ಮೇಲೆ ರುತುಜಾ ಒಂದು ಕೀಲಿ ಒತ್ತುತ್ತಿದ್ದಳು, ಕಾರು ಕಣ್ಣುಮುಚ್ಚಿ ತೆರೆಯುವುದರೊಳಗೆ ಹೊಸದಾಗಿ ನಿಲ್ಲುತ್ತಿತ್ತು. ಅದನ್ನು ಮಾತ್ರ ಅವನು ನೋಡುತ್ತಿರಲಿಲ್ಲ, ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದ.

ಒಂದು ರವಿವಾರ ಅವಳು ಕೇಳಿದಳು: "ಮಾಮಾ, ಗಾಡಿ ಜಾರಿ ಎಡಗಡೆ ಬಾಜೂ ಹೋಗಿ ಗಿಡಕ್ಕ ಬಡದರ? ನಡುವಿನ ಪಿಲ್ಲರ್ ಒಳಗ ಎಷ್ಟ ಬರತೈತ್ರಿ?"

ಎರಡು ಬಾಗಿಲುಗಳ ನಡುವೆ ಛತ್ತನ್ನು ಹೊತ್ತು ನಿಲ್ಲುವ ಕಂಬ ಅದು. ಬಸವಣ್ಣೆಪ್ಪನ ಕೈ ತಾನಾಗಿ ಗಾಳಿಯಲ್ಲಿ ಅಳತೆ ತೋರಿಸಿತು. ಒಂದು ಗೇಣು. ಆಮೇಲೆ ಇನ್ನೊಂದು ಗೇಣು. ಎರಡನೆಯದನ್ನು ತೋರಿಸಿದ್ದು ಅವನಿಗೇ ಆಮೇಲೆ ತಿಳಿಯಿತು. ಕೈ ಕೆಳಗಿಳಿಸಿ ಎದ್ದ.

"ಗೇಮಿನ್ಯಾಗ ಇಷ್ಟ ತೋರಸಂಗಿಲ್ರಿ," ಎಂದಳು ರುತುಜಾ. "ಕುಂತ ಜಾಗಾ ಕುಗ್ಗಬಾರದು ಅಂತ ಮ್ಯಾಲಿನವರು ಹೇಳ್ಯಾರ. ನಾವು ಟೆಸ್ಟಿಂಗಿಗೆ ಅಷ್ಟ..."

ಅವನು ಆಗಲೇ ಮೆಟ್ಟಿಲಿಳಿಯುತ್ತಿದ್ದ.

ಹನ್ನೆರಡು ವರ್ಷದ ಹಿಂದೆ ಅವನು ಧೋಂಡಿಬಾ ಎಂಬ ಸೇಠನ ಗ್ಯಾರೇಜಿನಲ್ಲಿದ್ದ. ಅಪಘಾತದ ಗಾಡಿಗಳನ್ನು ಕೊಂಡು, ರಿಪೇರಿ ಮಾಡಿಸಿ ಮಾರುವುದು ಸೇಠನ ಧಂದೆ. ಎಡಗಡೆಯ ಪಿಲ್ಲರ್ ಬುಡದಲ್ಲಿ ಹರಿದಿದ್ದ ಒಂದು ಬಿಳಿ ಕಾರು ಬಂತು. ಹೊಸ ಪಿಲ್ಲರ್ ಹಾಕಬೇಕೆಂದು ಬಸವಣ್ಣೆಪ್ಪ ಹೇಳಿದ. "ಎರಡ ಬೆಸಗಿ ಟಾಕಿ ಹೊಡಿ, ಸಂದಿಗಿ ಲಾಂಬಿ ಪುಟ್ಟಿ ತುಂಬು, ಬಣ್ಣಾ ಹಚ್ಚಿದ ಮ್ಯಾಲ ಯಾಂವ ನೋಡತಾನ?" ಎಂದ ಸೇಠ. ಅವನು ಹಾಗೆಯೇ ಮಾಡಿದ. ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ಉಗುರಾಡಿಸಿದರೂ ಬೆಸುಗೆಯ ಗೆರೆ ಸಿಗುತ್ತಿರಲಿಲ್ಲ.

ನಾಲ್ಕು ತಿಂಗಳಿಗೆ ಅದೇ ಕಾರು ಗುಜರಿಯಾಗಿ ಮರಳಿ ಬಂತು. ಅದನ್ನು ಕೊಂಡಿದ್ದ ಇಚಲಕರಂಜಿಯ ಅವಧೂತ ಎಂಬಾತ ಹೆಂಡತಿಯನ್ನು ಕರೆದುಕೊಂಡು ಅವಳ ತವರಾದ ನೂಲದಿಂದ ಮರಳುವಾಗ, ಕಬ್ಬಿನ ಗಾಡಿಗಳು ರಸ್ತೆಗೆ ಚೆಲ್ಲಿದ್ದ ಕೆಸರಲ್ಲಿ ಕಾರು ಜಾರಿ ಹುಣಸೆಮರಕ್ಕೆ ಬಾಜೂ ಬಡಿದಿತ್ತು. ಎಡಗಡೆ ಕೂತಿದ್ದ ಹೆಂಡತಿ ಸರಿತಾ ಅಲ್ಲಿಯೇ ತೀರಿಹೋದಳು. ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳೆಂದು ಕಾಣುತ್ತದೆ, ಕಾಳು ಕಾರಿನ ತುಂಬ ಚೆಲ್ಲಿತ್ತು. ಪಿಲ್ಲರ್ ಬಾಗಿರಲಿಲ್ಲ. ಬಸವಣ್ಣೆಪ್ಪ ಬೆಸೆದ ಗೆರೆಗೆ ಸರಿಯಾಗಿ ಕಿತ್ತುಹೋಗಿತ್ತು.

ಗಾಡಿಯಲ್ಲಿ ಉಳಿದ ಸಾಮಾನು ಒಯ್ಯಲು ಅವಧೂತ ಬಂದ. ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದ. ಆ ಕಾರಿನ ಮುಂದೆ ನಿಂತು, ಯಾರಿಗೂ ಅಲ್ಲ ಎಂಬಂತೆ, "ನಾನ ಕೊಂದನಿ," ಎಂದ. ನಾಲ್ಕು ಮಾರು ದೂರದಲ್ಲಿ ಸುತ್ತಿಗೆ ಹಿಡಿದು ನಿಂತಿದ್ದ ಬಸವಣ್ಣೆಪ್ಪ ಬಾಯಿ ತೆರೆಯಲಿಲ್ಲ. ವಾರದ ಮೇಲೆ ಅಕಾಲದ ಮಳೆ ಬಿತ್ತು. ಒಡೆದ ಗಾಜಿನಿಂದ ನೀರಿಳಿದು, ಸೀಟಿನ ಕೆಳಗಿನ ಜಮಖಾನೆಯಲ್ಲಿ ಅವರೆಕಾಳು ಮೊಳಕೆಯೊಡೆದವು. ಗುಜರಿಯವರು ಬಂದು ಕಾರನ್ನು ಎಳೆದೊಯ್ಯುವ ತನಕ ಅವನು ಆ ಕಡೆ ಹಾಯಲಿಲ್ಲ. ಸೇಠ ಮುಂದೆ ಎರಡೇ ವರ್ಷಕ್ಕೆ ತೀರಿಕೊಂಡ. ವಿಷಯ ತಿಳಿದವನು ಬಸವಣ್ಣೆಪ್ಪನೊಬ್ಬನೇ ಉಳಿದ.

ರುತುಜಾ ಕೇಳಿದ ಆ ಒಂದು ಪ್ರಶ್ನೆಯಿಂದ ಅದೆಲ್ಲ ಮತ್ತೆ ಎದ್ದು ಕೂತಿತು. ಗ್ಯಾರೇಜಿಗೆ ಬಂದ ಯಾವ ಗಾಡಿಯ ಎಡ ಬಾಗಿಲು ತೆರೆದರೂ ಅಲ್ಲಿ ಯಾರೋ ತಲೆ ಬಗ್ಗಿಸಿ ಏನೋ ಸುಲಿಯುತ್ತ ಕೂತಂತೆ ಅವನಿಗೆ ಅನಿಸುತ್ತಿತ್ತು. ಬೆಸುಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದ. ಊಟ ಸೇರುತ್ತಿರಲಿಲ್ಲ. ಹೆಂಡತಿ ಹಾಲವ್ವ ಬಿಡದೆ ಕೇಳಿದಾಗ ಒಂದು ಮಧ್ಯಾಹ್ನ ಎಲ್ಲ ಹೇಳಿಬಿಟ್ಟ. ಅವಳು ಕೇಳಿದಳು:

"ಆ ಮನಷ್ಯಾ ಇನ್ನೂ ಅದಾನೇನ್ರಿ?"

"ಅದಾನ. ಇಚಲಕರಂಜ್ಯಾಗ."

"ಹಂಗಾರ ನನ್ನ ಮುಂದ ಹೇಳಿ ಏನ ಮಾಡತೀರಿ?"

ಅವನು ಇಚಲಕರಂಜಿಗೆ ಹೋದ. ಅವಧೂತನದು ಎಂಟು ಮಗ್ಗದ ಪವರ್‌ಲೂಮ್ ಶೆಡ್ಡು. ಮಗ್ಗದ ಗದ್ದಲದಲ್ಲಿ ಬಸವಣ್ಣೆಪ್ಪನ ಮೊದಲ ಮಾತು ಕೇಳಿಸಲೇ ಇಲ್ಲ. ಎರಡನೆಯ ಸಲ, ಕಿವಿಯ ಹತ್ತಿರ ಬಾಯಿಟ್ಟು, "ನಿಮ್ಮ ಬಿಳಿ ಗಾಡಿ ಬೆಸದಾಂವ ನಾನರಿ. ಆ ಪಿಲ್ಲರ್ ಖೊಟ್ಟಿ ಇತ್ತು. ನನಗ ಗೊತ್ತಿತ್ತು," ಎಂದ. ಅವಧೂತ ಅವನನ್ನೇ ನೋಡಿದ. ಆಮೇಲೆ ಹೋಗಿ ಮಗ್ಗಗಳನ್ನು ಒಂದೊಂದಾಗಿ ಬಂದ್ ಮಾಡಿದ. ಎಂಟನೆಯದು ನಿಂತ ಮೇಲೆ ಶೆಡ್ಡಿನಲ್ಲಿ ಸದ್ದೇ ಇರಲಿಲ್ಲ.

"ಖರಂ ಸಾಂಗಾ," ಎಂದ. "ಖರೇ ಹೇಳ್ರಿ. ಪಿಲ್ಲರ್ ಗಟ್ಟಿ ಇದ್ದಿದ್ದರ ಆಕಿ ಉಳೀತಿದ್ಲೇನು?"

"ಗೊತ್ತಿಲ್ರಿ."

"ಗೊತ್ತ ಮಾಡ್ಕೊಳ್ಳಾಕ ಬರತೈತೇನು?"

ಬಯ್ಯುತ್ತಾನೆ, ಹೊಡೆಯುತ್ತಾನೆ, ಪೊಲೀಸರನ್ನು ಕರೆಯುತ್ತಾನೆ ಎಂದೆಲ್ಲ ಎಣಿಸಿ ಬಂದಿದ್ದ ಬಸವಣ್ಣೆಪ್ಪನಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ತಂಗಿಯ ಮಗಳ ಆಫೀಸಿನ ಸಂಗತಿ ಹೇಳಿದ.

ಇಬ್ಬರೂ ಆಫೀಸಿಗೆ ಬಂದಾಗ ರುತುಜಾ ಒಪ್ಪಲಿಲ್ಲ. "ಮಾಮಾ, ಇದು ಆಟ. ಕೋರ್ಟಿನ್ಯಾಗ ನಡಿಯೂ ಸಾಕ್ಷಿ ಅಲ್ಲ. ಒಂದ ಅಂಕಿ ಆಚೀಚಿ ಆದರ ಬ್ಯಾರೇನ ಕಾಣತೈತಿ," ಎಂದು ಎರಡು ಸಲ ಹೇಳಿದಳು. ಅವಧೂತ ಕೈ ಮುಗಿದ ಮೇಲೆ ಕೂತಳು. ಅಷ್ಟೇ ತೂಕದ ಕಾರು, ಕೆಸರಿನ ರಸ್ತೆ, ಒಂದು ಮರ. ಮೊದಲು ಬೆಸುಗೆಯ ಪಿಲ್ಲರ್, ಅವಧೂತ ತಂದಿದ್ದ ಪೊಲೀಸ್ ಪೇಪರಿನಲ್ಲಿದ್ದಂತೆ ವೇಗ ಐವತ್ತು. ಕಾರು ಅಡ್ಡ ತಿರುಗಿ ಜಾರಿ ಬಡಿಯಿತು. ಪಿಲ್ಲರ್ ಬುಡದಿಂದ ಕಿತ್ತು, ಬಾಗಿಲು ಛತ್ತು ಎರಡೂ ಎಡಸೀಟಿನ ಮೇಲೆ ಬಂದವು. ಸೀಟು ಖಾಲಿ ಇತ್ತು. ಆದರೂ ಮೂವರೂ ಅಲ್ಲಿ ಒಬ್ಬಳನ್ನು ಕಂಡರು.

ಮತ್ತೆ ಅದೇ ಐವತ್ತು, ಗಟ್ಟಿ ಪಿಲ್ಲರ್. ಈ ಸಲ ಕಂಬ ಒಂದು ಗೇಣು ಒಳಬಾಗಿ ನಿಂತುಬಿಟ್ಟಿತು. ಸೀಟು ಹಾಗೇ ಇತ್ತು.

ಬಸವಣ್ಣೆಪ್ಪ ಪರದೆಯ ಹತ್ತಿರ ಹೋಗಿ ಆ ಸೀಟಿನ ಮೇಲೆ ಬೆರಳಿಟ್ಟ. ಅಷ್ಟು ವರ್ಷ ಊಹಿಸಿದ್ದನ್ನು ಕಣ್ಣಾರೆ ಕಂಡಿದ್ದ. ತಲೆ ಎತ್ತದೆ, "ನಾನ್ರಿ, ನಾನ," ಎಂದ.

ಅವಧೂತ ಅವನ ಕಡೆ ನೋಡಲಿಲ್ಲ. ಪರದೆಯನ್ನೇ ನೋಡುತ್ತ, "ತಂಗಿ, ಎಂಬತ್ತ ಹಾಕು," ಎಂದ.

"ಪೇಪರಿನ್ಯಾಗ ಐವತ್ತ ಐತೆಲ್ರಿ?"

"ಪೊಲೀಸರಿಗಿ ನಾ ಹೇಳಿದ್ದು ಐವತ್ತ. ಅತ್ತಿಗೂ ಐವತ್ತ ಅಂದೇನಿ. ಸಾವಕಾಶ ಹೋಗ್ರಿ ಅಂತ ಸರಿತಾ ಎರಡ ಸಲ ಅಂದಿದ್ಲು. ಎಂಬತ್ತ ಹಾಕು."

ಗಟ್ಟಿ ಪಿಲ್ಲರ್, ಎಂಬತ್ತು. ಕಾರು ಬಡಿಯಿತು. ಕಂಬ ಮುರಿಯಲಿಲ್ಲ, ಆದರೆ ಎರಡು ಗೇಣು ಒಳಬಂದು ಸೀಟನ್ನು ನುಂಗಿತು. ರುತುಜಾಳ ಬೆರಳು ಅಭ್ಯಾಸದಂತೆ ಕೀಲಿಯ ಕಡೆ ಹೋಯಿತು.

"ಬ್ಯಾಡವಾ," ಎಂದ ಅವಧೂತ. "ಇನ್ನೊಮ್ಮಿ ಹೊಸಾದ ಮಾಡಬ್ಯಾಡ."

ಕೆಳಗೆ ಬಂದು ಇಬ್ಬರೂ ಚಹಾದಂಗಡಿಯ ಮುಂದೆ ನಿಂತರು. ಚಹಾ ಆರಿಹೋಯಿತು. ಅವಧೂತ ಬಸ್ಸು ಹತ್ತಿ ಹೊರಟುಹೋದ.

ಅಂದಿನಿಂದ ಬಸವಣ್ಣೆಪ್ಪ ಪಿಲ್ಲರ್ ಹೋದ ಗಾಡಿಗೆ ಕೈ ಹಚ್ಚಲಿಲ್ಲ. ಹೊಸದು ಹಾಕಿಸಿ, ಇಲ್ಲದಿದ್ದರೆ ಗುಜರಿಗೆ ಕೊಡಿ ಎನ್ನುತ್ತಿದ್ದ. ತಿಂಗಳೊಪ್ಪತ್ತಿನಲ್ಲಿ ಮಾಲೀಕ ಅವನನ್ನು ಬಿಡಿಸಿದ. ಗಡಹಿಂಗ್ಲಜಕ್ಕೆ ಮರಳಿ ಟ್ರ್ಯಾಕ್ಟರಿನ ಟ್ರೇಲರು ಬೆಸೆಯುವ ಕೆಲಸ ಹಿಡಿದ. ಗೇಮು ಮಾರುಕಟ್ಟೆಗೆ ಬಂತು, ಗಾಡಿ ಜಜ್ಜುವ ರೀತಿ ಅಸಲಿಯಂತಿದೆ ಎಂದು ಆಡಿದವರು ಹೊಗಳಿದರಂತೆ. ಅದರಲ್ಲಿ ಕುಂತ ಜಾಗ ಮಾತ್ರ ಎಂಥ ಏಟಿಗೂ ಕುಗ್ಗುವುದಿಲ್ಲ.

ಮರುವರ್ಷ ಮಾಘ ಮಾಸದಲ್ಲಿ ಅವಧೂತನ ಫೋನು ಬಂತು. "ನೂಲಕ್ಕ ಹೊಂಟೇನಿ. ಅತ್ತಿ ಮುಂದ ಎಲ್ಲಾ ಹೇಳಾವ. ನೀವೂ ಬರ್ರಿ."

ಸರಿತಾಳ ತಾಯಿ ಗಂಗುಬಾಯಿ ಹೊರಸಿನ ಮೇಲೆ ಕೂತು ಇಬ್ಬರ ಮಾತನ್ನೂ ಕೇಳಿದಳು. ಮೊದಲು ಅಳಿಯ ಎಂಬತ್ತರ ಸಂಗತಿ ಹೇಳಿದ, ಆಮೇಲೆ ಬಸವಣ್ಣೆಪ್ಪ ಬೆಸುಗೆಯದು. ಮುದುಕಿ ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದವಳು ಕೊನೆಗೆ ಬಸವಣ್ಣೆಪ್ಪನನ್ನು ಕೇಳಿದಳು:

"ನೀ ಗಾಡಿ ನೋಡಿದಾಂವ. ಹೇಳಪಾ, ಆಕಿಗಿ ಭಾಳ ನೋವ ಆಗಿತ್ತೇನು?"

"ಇಲ್ಲವಾ," ಎಂದ ಅವನು. "ಅಷ್ಟ ವ್ಯಾಳ್ಯಾನ ಇದ್ದಿದ್ದಿಲ್ಲ."

ಪತ್ರಾ ನೋಡಿ ತಿಳಿದು ಹೇಳಿದ್ದೋ, ಅವಳ ಮುಖ ನೋಡಿ ಹೇಳಿದ್ದೋ, ಅವನಿಗೇ ತಿಳಿಯಲಿಲ್ಲ. ಗಂಗುಬಾಯಿ ತಲೆಯಾಡಿಸಿ, ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಇಬ್ಬರೂ ಎದ್ದು ಹೋಗುವುದೋ ಕೂತಿರುವುದೋ ತಿಳಿಯದೆ ಪಡಸಾಲೆಯಲ್ಲಿ ಕೂತೇ ಇದ್ದರು. ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು.